ತಪ್ಪು ಲೆಕ್ಕಕ್ಕೆ ಸಿಕ್ಕ ಸ್ಟಾರ್

ಆಗಿನ್ನೂ ಜೋಗೇಶ್ವರಿಯ ನಮ್ಮ ಚಾಳ್ ಕೆಡವಿ ಬಿಲ್ಡಿಂಗ್ ಕಟ್ಟಿರಲಿಲ್ಲ. ವಿಜಯಪುರದ ಕಡೆಯಿಂದ ಬಂದವರ ಹತ್ತಾರು ಮನೆಗಳು ಒಂದೇ ಸಾಲಿನಲ್ಲಿದ್ದವು. ಬೆಳಗಾದರೆ ಎಲ್ಲ ಬಾಗಿಲುಗಳಿಂದಲೂ ರೊಟ್ಟಿ ಬಡಿಯುವ ಸದ್ದು. ನಾನು ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ.

ಆ ವರ್ಷ ನಮಗೆ ಹೊಸ ಟೀಚರ್ ಬಂದರು. ಅವರು ಎಂದೂ ಬೈದವರಲ್ಲ. ಯಾರು ಏನು ಬರೆದರೂ ನೋಟ್‌ಬುಕ್ಕಿಗೆ ಬಂಗಾರದ ಬಣ್ಣದ ಸ್ಟಾರ್ ಅಂಟಿಸಿ, ಇಡೀ ಕ್ಲಾಸಿನಿಂದ ಚಪ್ಪಾಳೆ ಹೊಡೆಸುತ್ತಿದ್ದರು. ಆ ಅಂಟಿಗೆ ಒಂದು ಸಿಹಿ ವಾಸನೆ. ನಾನು ಪುಸ್ತಕವನ್ನು ಮೂಗಿಗೆ ಹಿಡಿದುಕೊಂಡೇ ಮನೆಗೆ ಬರುತ್ತಿದ್ದೆ. ಸಂಜೆ ಚಾಳಿನ ಪ್ಯಾಸೇಜಿನಲ್ಲಿ ಶಾಲೆಯಾಟ ಆಡುವಾಗ ಯಾವಾಗಲೂ ನಾನೇ ಟೀಚರ್.

ಗೆಳತಿ ರೇಣುಕಾ ಒಂದು ದಿನ ಕ್ಲಾಸಿನಲ್ಲಿ ಎದ್ದು ನಿಂತಳು. "ಟೀಚರ್, ನನ್ನ ಉತ್ತರ ಬ್ಯಾರೆ, ಇಕೀದು ಬ್ಯಾರೆ. ಇಬ್ಬರಿಗೂ ಸ್ಟಾರ್ ಹ್ಯಾಂಗ್ರೀ?"

"ಇಬ್ಬರೂ ಶಾಣ್ಯಾರ ಇದ್ದೀರಿ. ನಮ್ಮ ಕ್ಲಾಸಿನ್ಯಾಗ ತಪ್ಪು ಅನ್ನೋ ಮಾತ ಇಲ್ಲ, ಕೂಡು."

ನಾನು ರೇಣುಕಾಳತ್ತ ತಿರುಗಿ ನಾಲಿಗೆ ಚಾಚಿದೆ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ತಗಡು ಕತ್ತರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವನ ಕೆಲಸ. ಮನೆಗೆ ಬಂದು, ಎಷ್ಟು ತೊಳೆದರೂ ಎಣ್ಣೆ ವಾಸನೆ ಬಿಡದ ಬೆರಳಿನಿಂದ ನನ್ನ ಪುಟ ತಿರುವುತ್ತ, "ಇಲ್ಲೂ ಐತಿ ನೋಡು, ಇಲ್ಲೂ ಐತಿ" ಎಂದು ಅವ್ವನಿಗೆ ಸ್ಟಾರ್ ತೋರಿಸುತ್ತಿದ್ದ. ನಮ್ಮ ಶಾಲೆ ಏಳನೆಯದಕ್ಕೇ ಮುಗಿಯುತ್ತಿತ್ತು. ಅಪ್ಪನ ಸೇಠ್ ಒಂದು ಒಳ್ಳೆಯ ಹೈಸ್ಕೂಲಿನಲ್ಲಿ ಮಾತಾಡಿದ್ದರು. ಗಣಿತದ ಪರೀಕ್ಷೆ ಪಾಸಾದರೆ ನನಗೆ ಸೀಟು.

ಪರೀಕ್ಷೆಯ ದಿನ ಅವ್ವ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು. ಅಪ್ಪ ಇಸ್ತ್ರಿ ಶರ್ಟು ತೊಟ್ಟ. ಎಲ್ಲರಿಗಿಂತ ಮೊದಲು ಬರೆದು ಮುಗಿಸಿ ನಾನು ನಗುತ್ತ ಹೊರಬಂದೆ.

"ಹ್ಯಾಂಗಾತವಾ?"

"ಎಲ್ಲಾ ಬರದೀನಿ ಅಪ್ಪಾ."

ಅರ್ಧ ಗಂಟೆಯಲ್ಲಿ ಹೆಡ್‌ಮಿಸ್ಟ್ರೆಸ್ ಒಳಗೆ ಕರೆದರು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ, ಐದರಲ್ಲಿ ಎರಡು ಎಂದು ಬರೆದಿದ್ದೆ. ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದರೆ ಅದು ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಅವರು ಹಿಂದಿಯಲ್ಲಿ ಮೆತ್ತಗೆ ಕೇಳಿದರು. ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಅಪ್ಪನಿಗೆ ತಿಳಿಯಿತು. ಆದರೂ ಚೀಲದಿಂದ ನನ್ನ ನೋಟ್‌ಬುಕ್ ತೆಗೆದು ಅವರ ಮುಂದಿಟ್ಟ. "ದೇಖಿಯೇ ಮ್ಯಾಡಮ್, ಸಬ್ ಮೇ ಸ್ಟಾರ್ ಹೈ."

ಅವರು ಪುಟಗಳನ್ನು ತಿರುವುತ್ತ ಹೋಗಿ ಒಂದು ಪುಟದಲ್ಲಿ ನಿಲ್ಲಿಸಿದರು. ನನ್ನ ಉತ್ತರಪತ್ರಿಕೆಯನ್ನು ಅದರ ಪಕ್ಕದಲ್ಲಿಟ್ಟು ಬೆರಳು ತೋರಿಸಿದರು. ಅದೇ ಲೆಕ್ಕ, ಅದೇ ತಪ್ಪು, ಅದರ ಮೇಲೊಂದು ಸ್ಟಾರ್. ಅಂಕಿಗಳ ಆಕಾರ ಒಂದೇ ಎಂಬುದು ಓದು ಬಾರದ ಅಪ್ಪನಿಗೂ ಕಂಡಿತು.

ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ಶಾಲೆಗೆ, ಟೀಚರ್ ಹತ್ತಿರ ಹೋದ. ಅವರ ಪಕ್ಕದಲ್ಲಿ ಬೇರೊಂದು ಶಾಲೆಗೆ ಹೋಗುವ ಅವರ ಮಗ ಕೂತಿದ್ದ. ಅವನಿಗೆ ಆ ದಿನ ರಜೆ. ಟೀಚರ್ ಕೆಂಪು ಪೆನ್ನಿನಿಂದ ಅವನ ಲೆಕ್ಕ ಹೊಡೆದುಹಾಕಿ, "ಮತ್ತ ಮಾಡು. ಸರಿ ಬರೋತನಕ ಏಳಂಗಿಲ್ಲ" ಎನ್ನುತ್ತಿದ್ದರು.

ಅಪ್ಪ ಎಲ್ಲ ಹೇಳಿದ. ಟೀಚರ್ ಸಿಟ್ಟಾಗಲಿಲ್ಲ.

"ತಪ್ಪು ಅಂದ್ರ ಈ ಮಕ್ಕಳು ಶಾಲೀನ ಬಿಡ್ತಾರ್ರೀ. ಮನ್ಯಾಗ ಇವರನ್ನ ಹೊಗಳವರು ಯಾರದಾರ? ಇಲ್ಲೆರ ಖುಷಿಯಿಂದ ಇರಲಿ ಅಂತ."

"ಹೊಗಳಾಕ ನಾವದೀವ್ರೀ ಅಕ್ಕೋರ. ಕಲಸಾಕ ಬರಂಗಿಲ್ಲ ಅಂತ ನಿಮ್ಮ ಕಡೆ ಕಳಸಿದ್ವಿ."

ಟೀಚರ್ ಮಗನ ಪುಸ್ತಕ ಮುಚ್ಚಿದರು. ಅಪ್ಪ ನನ್ನ ಕೈ ಹಿಡಿದು ಹೊರಬಂದ.

ಸೀಟು ಅದೇ ಪರೀಕ್ಷೆ ಬರೆದಿದ್ದ ರೇಣುಕಾಳಿಗೆ ಸಿಕ್ಕಿತು. ನಾನು ಬೇರೊಂದು ಶಾಲೆಯ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತೆ. ಕಡೆಗೆ ಭಿನ್ನರಾಶಿ ಕಲಿಸಿದವಳೂ ರೇಣುಕಾಳೇ. ಪ್ಯಾಸೇಜಿನಲ್ಲಿ ಕೂಡಿಸಿಕೊಂಡು, "ತಪ್ಪು, ಅಳಸು" ಎನ್ನುತ್ತಿದ್ದಳು, ಅಷ್ಟೇ. ಅಪ್ಪ ಮಾತ್ರ ಸಾಯುವತನಕ ನನ್ನ ಪುಸ್ತಕ ಕೇಳಲಿಲ್ಲ. ಹತ್ತನೆಯದರ ಮಾರ್ಕ್ಸ್‌ಕಾರ್ಡನ್ನೂ ಅವ್ವನ ಕೈಗೆ ಕೊಡು ಎಂದ.

ಈಗ ಫೋರ್ಟ್ ಏರಿಯಾದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಕಳೆದ ವಾರ ಸಾಹೇಬರು ನನ್ನ ರಿಪೋರ್ಟನ್ನು ಎಲ್ಲರೆದುರು ಹೊಗಳಿದರು. ಸೀಟಿಗೆ ಬಂದು ಅದನ್ನು ಮೊದಲಿನಿಂದ ಮತ್ತೆ ಓದಿದೆ. ತಪ್ಪು ಸಿಗಲಿಲ್ಲ. ಆದರೂ ಲೋಕಲ್ ಟ್ರೇನು ಹತ್ತಿ ಜೋಗೇಶ್ವರಿಯಲ್ಲಿ ಇಳಿಯುವವರೆಗೂ, ಇವರಿಗೆ ಯಾವ ತಪ್ಪು ಕಂಡಿರಬಹುದು, ಯಾಕೆ ಮುಚ್ಚಿಟ್ಟರು ಎಂದೇ ಯೋಚಿಸುತ್ತಿದ್ದೆ. ಒಂದು ಒಳ್ಳೆಯ ಮಾತನ್ನು ಕೇಳಿ ಸುಮ್ಮನೆ ಖುಷಿಪಡುವುದು ನನಗೆ ಆ ವರ್ಷದ ನಂತರ ಸಾಧ್ಯವೇ ಆಗಿಲ್ಲ.

ಮನೆಗೆ ಬಂದು ಅವ್ವನಿಗೂ ಹೇಳಲಿಲ್ಲ.