ಗೌಸಣ್ಣ ಒಗೆದ ವೈಡುಗಳು

ಒಂದೇ ಕಥೆಯನ್ನು ಮೂವತ್ತು ವರ್ಷ ಹೇಳಿಕೊಂಡು ಬಂದವರಿಗೆ ಒಂದು ಅಪಾಯವಿದೆ. ಹೇಳುತ್ತ ಹೇಳುತ್ತ ಅವರು ಆ ಕಥೆಯೊಳಗೇ ಒಂದು ಜಾಗ ಹಿಡಿದು ಕೂತುಬಿಡುತ್ತಾರೆ. ನಾನು ಹಾಗೆ ಕೂತವಳು. ನನ್ನ ಜಾಗ ರಾಣೇಬೆನ್ನೂರಿನ ಹೈಸ್ಕೂಲ್ ಮೈದಾನದ ಕಾಂಪೌಂಡ್ ಗೋಡೆಯ ಮೇಲೆ. ಕೈಯಲ್ಲಿ ಶೇಂಗಾ ಪೊಟ್ಟಣ, ವಯಸ್ಸು ಹತ್ತು. ಟೆನಿಸ್ ಬಾಲ್ ಟೂರ್ನಮೆಂಟಿನ ಫೈನಲ್. ಎದುರಾಳಿಗಳಿಗೆ ಕೊನೆಯ ಓವರಿನಲ್ಲಿ ನಾಲ್ಕು ರನ್ನು ಸಾಕು. ಚೆಂಡು ಗೌಸಣ್ಣನ ಕೈಯಲ್ಲಿ. ವಾರವೆಲ್ಲ ಸೈಕಲ್ ಪಂಕ್ಚರ್ ಹಾಕುವ ಗೌಸಣ್ಣ ಭಾನುವಾರ ಮಾತ್ರ ಬೇರೆಯೇ ಮನುಷ್ಯ. ಅವನು ಒಂದೂ ರನ್ನು ಕೊಡದೆ ಮೂರು ಸ್ಟಂಪು ಹಾರಿಸಿದ್ದನ್ನು ನಾನು ನ್ಯೂಜಿಲೆಂಡಿಗೆ ಓದಲು ಬಂದಾಗ ಫ್ಲ್ಯಾಟ್‌ಮೇಟುಗಳಿಗೆ ಹೇಳಿದೆ, ಮದುವೆಯಾದ ಮೇಲೆ ಗಂಡನಿಗೆ ಹೇಳಿದೆ, ಆಸ್ಪತ್ರೆಯಲ್ಲಿ ಜೊತೆಯ ನರ್ಸುಗಳಿಗೆ ಹೇಳಿದೆ. ಕೊನೆಗೆ ಮಗಳು ಇಂಚರಳಿಗೆ ಅನ್ನದ ಜೊತೆ ಕಲಸಿ ಉಣಿಸಿದೆ.

ಆ ತುತ್ತು ಎಲ್ಲಿ ಹೋಗಿ ಕೂತಿತ್ತೋ, ಹನ್ನೊಂದನೇ ವಯಸ್ಸಿಗೆ ಇಂಚರ ಸಾಫ್ಟ್‌ಬಾಲ್ ಸೇರಿದಳು; ಸೇರಿದ ವಾರವೇ, ‘ನಾನು ಪಿಚರ್ ಆಗುತ್ತೇನೆ’ ಎಂದಳು. ಪಿಚರ್ ಎಂದರೆ ನಮ್ಮ ಬೌಲರ್ ಇದ್ದಂತೆ. ಓಡಿ ಬರುವುದಿಲ್ಲ, ನಿಂತಲ್ಲೇ ಕೈಯನ್ನು ಗಾಳಿಗಿರಣಿಯಂತೆ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಚೆಂಡನ್ನು ಬಿಡಬೇಕು. ಕೆಳಗಿನಿಂದ ಎಸೆಯುವುದು ಕೂಸುಗಳ ಆಟ ಎಂದುಕೊಂಡಿದ್ದೆ. ಮೊದಲ ಚೆಂಡು ಮೊಣಕಾಲ ಚಿಪ್ಪಿಗೆ ಬಡಿದಾಗ ಅಭಿಪ್ರಾಯ ಬದಲಾಯಿತು.

ಮೊಣಕಾಲು ನನ್ನದೇ. ಪಿಚರ್ ಆಗಬೇಕಾದರೆ ದಿನಾ ಎಸೆಯಬೇಕು, ದಿನಾ ಎಸೆಯಬೇಕಾದರೆ ಹಿಡಿಯಲು ಯಾರಾದರೂ ಇರಬೇಕು. ಗಂಡನಿಗೆ ಸಂಜೆ ಪಾಳಿ. ಹಾಗಾಗಿ ತಕಾನಿನಿಯ ನಮ್ಮ ಮನೆಯ ಮುಂದೆ, ಕಾರು ನಿಲ್ಲಿಸುವ ಜಾಗದಲ್ಲಿ, ಬಕೆಟ್ ಬೋರಲು ಹಾಕಿಕೊಂಡು ಗ್ಲೌಸ್ ತೊಟ್ಟು ಕೂರುವ ಕೆಲಸ ನನ್ನ ಪಾಲಿಗೆ ಬಂತು. ಕೈಕಾಲಿನ ಮೇಲೆ ನೀಲಿ, ಹಸಿರು, ಹಳದಿ ಗುರುತುಗಳು ಮೂಡಿದವು. ಒಂದು ದಿನ ವಾರ್ಡಿನ ಹಿರಿಯ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, ‘ಮನೆಯಲ್ಲಿ ಎಲ್ಲ ಸರಿ ಇದೆಯಾ? ಯಾರಾದರೂ ಹೊಡೆಯುತ್ತಾರಾ?’ ಎಂದು ಮೆಲ್ಲಗೆ ಕೇಳಿದರು. ‘ಹೌದು, ಮಗಳು’ ಎಂದೆ. ಆಮೇಲೆ ವಿವರಿಸಿ ಹೇಳಲು ಚಹಾದ ವಿರಾಮವೆಲ್ಲ ಹೋಯಿತು.

ನಮ್ಮ ಕಡೆ ಬಟ್ಟೆಯನ್ನೂ ಒಗೆಯುತ್ತಾರೆ, ಚೆಂಡನ್ನೂ ಒಗೆಯುತ್ತಾರೆ. ಎರಡಕ್ಕೂ ಒಂದೇ ಮಾತು ಏಕೆ ಎಂದು ಪಂಡಿತರು ಹೇಳಬೇಕು. ನನಗನ್ನಿಸುವಂತೆ ಎರಡರಲ್ಲೂ ಭುಜದ ಪೂರ್ತಿ ಬಲ ಬೇಕು, ಎರಡೂ ಒಂದು ದಿನಕ್ಕೆ ಮುಗಿಯುವುದಿಲ್ಲ. ಬಕೆಟ್ ಮೇಲಿಂದ ನಾನು ‘ಒಗಿ! ಇನ್ನೊಂದು ಒಗಿ!’ ಎಂದು ಕೂಗುವುದನ್ನು ಕೇಳಿ ಪಕ್ಕದ ಮನೆಯ ರಾನ್ ಅಂಕಲ್ ಬೇಲಿಯ ಹತ್ತಿರ ಬಂದರು. ಎಪ್ಪತ್ತರ ಹತ್ತಿರದ ಈ ನ್ಯೂಜಿಲೆಂಡಿಗರು ಇಂಚರಳ ತಂಡದ ಕೋಚ್. ಅವಳು ಅವರನ್ನು ಬರೀ ರಾನ್ ಎನ್ನುತ್ತಾಳೆ. ನನ್ನ ಬಾಯಿಗೆ ಅಂಕಲ್ ಬಿಟ್ಟು ಆ ಹೆಸರು ಬರುವುದಿಲ್ಲ.

ರಾನ್ ಅಂಕಲ್ಲಿಗೂ ಒಬ್ಬ ಗೌಸಣ್ಣನಿದ್ದ. ಅವರಿಗೆ ಒಂಬತ್ತು ವರ್ಷವಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಫೈನಲ್ಲಿನ ಪಿಚರ್, ಮಾಂಸದ ಕಾರ್ಖಾನೆಯಲ್ಲಿ ಕೂಲಿ ಮಾಡುವವನು. ‘ಅವನ ಚೆಂಡು ಕಣ್ಣಿಗೆ ಕಾಣುತ್ತಿರಲಿಲ್ಲ, ಕಿವಿಗೆ ಕೇಳುತ್ತಿತ್ತು’ ಎನ್ನುತ್ತಿದ್ದರು. ಮೊದಲ ಸಲ ಹೇಳಿದಾಗ ಅವನು ಎತ್ತರದ ಮನುಷ್ಯ. ಮೂರನೆಯ ಸಲಕ್ಕೆ ಬಾಗಿಲಿನಲ್ಲಿ ತಲೆ ಬಗ್ಗಿಸಿ ಹೋಗಬೇಕಾದಷ್ಟು ಬೆಳೆದಿದ್ದ. ನಾನು ನಗಲಿಲ್ಲ. ನನ್ನ ವಾರ್ಡಿನಲ್ಲಿ ಬೆಳಿಗ್ಗೆ ಏನು ತಿಂದಿರಿ ಎಂದರೆ ತಡವರಿಸುವ ಅಜ್ಜಂದಿರು, ಎಂಟನೇ ವಯಸ್ಸಿನಲ್ಲಿ ನೋಡಿದ ಆಟವನ್ನು ಚೆಂಡು ಚೆಂಡಾಗಿ ಬಿಡಿಸಿಡುತ್ತಾರೆ. ನಮ್ಮ ಕಾಲದ ವೀರರು ನಮ್ಮ ಜೊತೆಗೇ ಬೆಳೆಯುತ್ತಾರೆ. ನಮಗೆ ಬಂದ ಮಂಡಿನೋವು ಅವರಿಗೆ ಬರುವುದಿಲ್ಲ, ಅಷ್ಟೆ.

ಇಂಚರಳಿಗೆ ಹನ್ನೆರಡಾಯಿತು. ಆ ಬೇಸಿಗೆಯ ಮೊದಲ ಪಂದ್ಯದಲ್ಲಿ ರಾನ್ ಅಂಕಲ್ ಅವಳ ಕೈಗೆ ಚೆಂಡು ಕೊಟ್ಟರು. ಈ ಆಟದಲ್ಲಿ ನಾಲ್ಕು ಚೆಂಡು ಅಡ್ಡಾದಿಡ್ಡಿ ಹೋದರೆ, ಬ್ಯಾಟ್ ಹಿಡಿದವಳು ಅದನ್ನು ಕೆಳಗಿಟ್ಟು ಮೊದಲ ಬೇಸ್ ಎಂಬ ನಿಲ್ದಾಣಕ್ಕೆ ಪುಕ್ಕಟೆ ನಡೆದುಹೋಗುತ್ತಾಳೆ. ಅದಕ್ಕೆ ವಾಕ್ ಎಂದೇ ಹೆಸರು. ಹಿಂದಿನವಳು ಬಂದಂತೆ ಮುಂದಿನವಳು ಒಂದೊಂದು ಬೇಸ್ ಸರಿಯುತ್ತಾಳೆ, ನಾಲ್ಕನೆಯದನ್ನು ಮುಟ್ಟಿದರೆ ಒಂದು ರನ್ನು. ನನ್ನ ಮಗಳು ಒಬ್ಬಳನ್ನು ನಡೆಸಿದಳು, ಇನ್ನೊಬ್ಬಳನ್ನು ನಡೆಸಿದಳು, ಮತ್ತೂ ಇಬ್ಬರನ್ನು ನಡೆಸಿದಳು. ಎದುರಾಳಿ ತಂಡ ವಾಯುವಿಹಾರಕ್ಕೆ ಬಂದಂತಿತ್ತು. ರಾನ್ ಅಂಕಲ್ ಮೈದಾನದೊಳಗೆ ಹೋಗಿ ಮೆತ್ತಗೆ ಚೆಂಡು ತೆಗೆದುಕೊಂಡರು.

ಕಾರಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ‘ಅಮ್ಮ, ಐ ಆ್ಯಮ್ ಡನ್. ನಿಮ್ಮ ಗೌಸ್ ಮಾಮ ಹೀಗೆ ಮಾಡ್ತಿರ್ಲಿಲ್ಲ’ ಎಂದಳು. ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಕನ್ನಡಕ್ಕೆ ಇಳಿದಿದ್ದಾಳೆ ಎಂದರೆ ದುಃಖ ಆಳದ್ದು.

ಆಟ ಬಿಡುವುದು ಅವಳ ಇಷ್ಟ. ಆದರೆ ನಾನು ಹೇಳಿದ ಕಥೆಯ ಭಾರಕ್ಕೆ ಕುಸಿದು ಬಿಡಬಾರದು ಎಂದು ನನಗೆ ಹಟ ಹುಟ್ಟಿತು. ಸಂಜೆ ರಾಣೇಬೆನ್ನೂರಿನಲ್ಲಿರುವ ಅಣ್ಣ ಚಂದ್ರುವಿಗೆ ಫೋನ್ ಹಚ್ಚಿ, ಅವಳಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದೆ.

‘ಅಣ್ಣಾ, ಅವತ್ತಿನ ಫೈನಲ್ ಕಥಿ ನಿನ್ನ ಸೊಸಿಗೆ ಒಂದ್ಸಲ ಹೇಳು. ನಾವಿಬ್ರೂ ಗ್ವಾಡಿ ಮ್ಯಾಲೆ ಕೂತು ನೋಡಿದ್ವೆಲ್ಲಾ.’

‘ನಾವಿಬ್ರು?’ ಅಣ್ಣ ನಕ್ಕ. ‘ನೀ ಎಲ್ಲಿದ್ದಿ ಅಲ್ಲೆ? ನಿನಗ ಮಂಗನಬಾವು ಬಂದಿತ್ತು. ಗದ್ದ ಬಾತು ಕುಂಬಳಕಾಯಿ ಆಗಿತ್ತು. ಅವ್ವ ನಿನ್ನ ಮನ್ಯಾಗ ಮಲಗ್ಸಿದ್ಳು. ನಾ ಬಂದು ಹೇಳಿದ್ದು ಕೇಳೀದಿ.’

ಗೋಡೆ, ಶೇಂಗಾ, ಹಾರಿದ ಸ್ಟಂಪು ಎಲ್ಲ ಒಮ್ಮೆಲೇ ನನ್ನ ಕೈಬಿಟ್ಟವು. ಎದುರಿಗೆ ಇಂಚರ ಬಾಯಿ ತೆರೆದು ಕೂತಿದ್ದಳು. ಕನ್ನಡ ಮಾತಾಡಲು ಕಷ್ಟವಾದರೂ ಅರ್ಥವಾಗದಿರುವುದು ಅವಳಿಗೆ ಒಂದೂ ಇಲ್ಲ. ‘ಅಮ್ಮಾ! ಯು ವರ್ ನಾಟ್ ಈವನ್ ದೇರ್!’

‘ಇನ್ನ ಕೇಳು, ಇಂಚರಾ’ ಅಣ್ಣನಿಗೆ ಹುರುಪು ಬಂದಿತ್ತು. ‘ಗೌಸ ಕಡೀ ಓವರ್ ಛಲೋ ಒಗದಾ, ಖರೆ. ಆದ್ರ ಮದಲನೇ ಓವರಿನ್ಯಾಗ ಐದು ವೈಡ್ ಒಗದಿದ್ದಾ. ಮಂದಿ ಎಲ್ಲಾ ಹೋ ಅಂತ ಒದರಿದ್ರು. ಆಮ್ಯಾಲೆ ಕ್ಯಾಪ್ಟನ್ ಬಂದು, ಚೆಂಡ್ ಕೊಡು, ಬ್ಯಾರೇದವ್ರಿಗೆ ಕೊಡ್ತೀನಿ ಅಂದಾ. ಇಂವ ಕೊಡಲಿಲ್ಲ. ಕೈ ಹಿಂದ ಕಟ್ಟಿಕೊಂಡು, ನನ್ನ ಮುಂದಿನ ಓವರ್ ನಾನ ಒಗೀತೀನಿ ಅಂದಾ.’

‘ಇದನ್ನ ನನಗ ಯಾಕ ಹೇಳಿರ್ಲಿಲ್ಲ?’ ಎಂದೆ.

‘ಹೇಳಿದ್ನೆವಾ. ನೀನ ಬಿಟ್ಟಿ.’

ಅಣ್ಣನ ಈ ಮಾತು ಚೆಂಡಿಗಿಂತ ಗಟ್ಟಿಯಾಗಿ ತಾಗಿತು. ಹೌದು, ನಾನೇ ಬಿಟ್ಟಿದ್ದೆ. ಸ್ಟಂಪುಗಳನ್ನು ಇಟ್ಟುಕೊಂಡು ವೈಡುಗಳನ್ನು ಗುಡಿಸಿ ಹಾಕಿದ್ದೆ. ತಪ್ಪೇ ಮಾಡದ ಗೌಸಣ್ಣನನ್ನು ಕಟ್ಟಿ, ಅವನ ಪಕ್ಕದಲ್ಲಿ ನನ್ನ ಮಗಳನ್ನು ನಿಲ್ಲಿಸಿ ಅಳೆದಿದ್ದೆ. ಅವಳಿಗೆ ಬೇಕಾಗಿದ್ದದ್ದು ಆ ಐದು ವೈಡು.

ಮರುದಿನ ಸಂಜೆ ಅವಳೇ ಚೆಂಡು ಹಿಡಿದು ಹೊರಗೆ ಬಂದಳು. ಎರಡು ವಾರ ಒಂದು ದಿನವೂ ತಪ್ಪಿಸಲಿಲ್ಲ. ತುಂತುರು ಮಳೆಯಲ್ಲೂ ಒಗೆದಳು. ನಾನು ಬೆಳಗಿನ ಪಾಳಿ ಮುಗಿಸಿ ಬಂದು, ಯೂನಿಫಾರ್ಮಿನ ಮೇಲೆ ಜಾಕೆಟ್ ಏರಿಸಿ ಹಿಡಿದೆ.

ಎರಡನೇ ಪಂದ್ಯ ಉರಿಬಿಸಿಲಿನಲ್ಲಿ. ಮತ್ತೆ ಚೆಂಡು ಇಂಚರಳ ಕೈಗೆ ಬಂತು, ಮತ್ತೆ ಹಳೆಯ ಮೆರವಣಿಗೆ ಶುರುವಾಯಿತು. ಐವರು ನಡೆದರು, ಎರಡು ರನ್ನು ಬಂತು. ನನ್ನ ಹಿಂದೆ ಯಾರೋ ನಿಟ್ಟುಸಿರು ಬಿಟ್ಟರು. ರಾನ್ ಅಂಕಲ್ ಟೋಪಿ ಸರಿಮಾಡಿಕೊಳ್ಳುತ್ತ ಒಳಗೆ ನಡೆದು ಕೈ ಚಾಚಿದರು. ಇಂಚರ ಚೆಂಡು ಕೊಡಲಿಲ್ಲ. ಗ್ಲೌಸಿನೊಳಗೆ ಅದನ್ನು ಬಿಗಿಹಿಡಿದು, ‘ಒನ್ ಮೋರ್, ರಾನ್’ ಎಂದಳು. ದನಿ ಸಣ್ಣದಾಗಿತ್ತು, ಆದರೆ ಬೇಲಿಯವರೆಗೂ ಕೇಳಿತು. ಅವರು ಅವಳ ಮುಖ ನೋಡಿದರು, ತಲೆಯಾಡಿಸಿ ತಿರುಗಿ ಬಂದರು.

ಮುಂದಿನವಳೂ ನಡೆದುಹೋದಳು. ಇನ್ನೊಂದು ರನ್ನು.

ರಾನ್ ಅಂಕಲ್ ಎದ್ದೇಳಲಿಲ್ಲ. ನಾನು ಬೇಲಿಯ ತಂತಿಯನ್ನು ಹಿಡಿದುಕೊಂಡೆ. ಇಂಚರ ಅಂಗೈಯನ್ನು ಪ್ಯಾಂಟಿಗೆ ಒರೆಸಿ, ಉಸಿರು ಎಳೆದುಕೊಂಡು ಕೈ ಸುತ್ತಿಸಿದಳು. ಚೆಂಡು ನೇರ ಹೋಯಿತು. ಅದರ ಮುಂದಿನದೂ ಹೋಯಿತು. ಮೂರನೆಯದಕ್ಕೆ ಎದುರಿನವಳು ಬೀಸಿದ ಬ್ಯಾಟು ಬರೀ ಗಾಳಿಯನ್ನು ಹೊಡೆಯಿತು. ಮೂರು ನೇರ ಚೆಂಡು ತಪ್ಪಿಸಿಕೊಂಡರೆ ಈ ಆಟದಲ್ಲಿ ಔಟ್! ಇನ್ನೊಬ್ಬಳು ಹೊಡೆದದ್ದನ್ನು ಇಂಚರಳೇ ಎದೆಯ ಹತ್ತಿರ ಹಿಡಿದಳು. ಮತ್ತೊಬ್ಬಳು ಮತ್ತೆ ಮೂರು ಚೆಂಡಿಗೆ ಔಟ್; ಮೂವರಾದರೆ ಆ ಸರದಿ ಮುಗಿದಂತೆ. ‘ಒಗದ್ಳು! ಒಗದ್ಳು!’ ಎಂದು ನಾನು ಕಿರುಚಿದ್ದಕ್ಕೆ ಅರ್ಥವೇನೆಂದು ಪಕ್ಕದ ತಾಯಿ ಕೇಳಿದರು. ಬಟ್ಟೆ ತೊಳೆಯುವುದು ಎಂದುಬಿಟ್ಟೆ.

ಪಂದ್ಯ ಸೋತೆವು, ಒಂದು ರನ್ನಿನಿಂದ. ಇಂಚರ ಹಸಿವು ಎಂದಳು. ದಾರಿಯಲ್ಲಿ, ಇಲ್ಲಿಯವರು ಡೇರಿ ಎನ್ನುವ ಮೂಲೆಯಂಗಡಿಯ ಮುಂದೆ ನಿಲ್ಲಿಸಿ ಐಸ್‌ಕ್ರೀಮ್ ಕೊಡಿಸಿದೆ. ‘ಮುಂದಿನ ಶನಿವಾರ ಬೇಗ ಹೋಗೋಣ, ವಾರ್ಮ್ ಅಪ್ ಕಮ್ಮಿ ಆಯ್ತು’ ಎಂದಳು.

ಸೋಮವಾರ ವಾರ್ಡಿನಲ್ಲಿ ಗೆಳತಿಯರಿಗೆ ಈ ಕಥೆ ಹೇಳುತ್ತಿದ್ದೆ. ‘ಮೂವರನ್ನು ನಡೆಸಿದಳು, ಆಮೇಲೆ ನೋಡಿ’ ಎಂದು ಬಾಯಿಂದ ಹೊರಟುಬಿಟ್ಟಿತು. ಎರಡೇ ದಿನದಲ್ಲಿ ಮೂರು ವಾಕ್ ಮಾಯವಾಗಿದ್ದವು. ಈ ಸಲ ಮಂಗನಬಾವಿನ ನೆಪವೂ ಇಲ್ಲ. ಕಣ್ಣಾರೆ ಕಂಡವಳು ನಾನೇ.

‘ತಡೆಯಿರಿ, ತಪ್ಪಿದೆ’ ಎಂದೆ. ‘ಮೂವರಲ್ಲ, ಆರು ಜನ’ ಎಂದು ಮೊದಲಿನಿಂದ ಶುರುಮಾಡಿದೆ.