ತಟ್ಟೆ ಹಿಡಿದವನು ಯಾರು?

ಉಸ್ತಾದ್ ಜೈನಾಲನಂಥ ಇನ್ನೊಬ್ಬ ಬಾಯಿಬಡುಕನನ್ನು ತಬ್ರೀಜಿನಲ್ಲಿ ನಾನು ಕಂಡಿಲ್ಲ. ಅವನನ್ನು ಕರೆದು ನನ್ನ ಚಹದಂಗಡಿಯಲ್ಲಿ ಕೂರಿಸಿದವನೂ ನಾನೇ. ಮೊದಲೆಲ್ಲ ಅವನು ಕರ್ಬಲಾ ಯುದ್ಧದ ಪಟವನ್ನು ಗೋಡೆಗೆ ತೂಗುಹಾಕಿ, ಕೋಲಿನಿಂದ ಒಬ್ಬೊಬ್ಬರನ್ನೇ ತೋರಿಸಿ ಕಥೆ ಹೇಳುತ್ತಿದ್ದ. ಪಟದಲ್ಲಿರುವ ಯಾರನ್ನೂ ಹೆಸರು ಹೇಳದೆ ಬಿಡುವಂತಿಲ್ಲ. ಬಿಟ್ಟರೆ ಕಥೆಗಾರನಿಗೆ ಅವಮಾನ. ಪತ್ರಿಕೆಗಳು ಬಂದ ಮೇಲೆ, ಓದು ಬಾರದ ಜನ ವ್ಯಂಗ್ಯಚಿತ್ರಗಳ ಅರ್ಥ ಕೇಳತೊಡಗಿದರು. ಜೈನಾಲ ಅವನ್ನೂ ಅದೇ ಕೋಲು ಹಿಡಿದು ಬಿಡಿಸಿ ಹೇಳಿದ.

ಆ ಸಲ ಬಂದ ಚಿತ್ರದಲ್ಲಿ ನಮ್ಮ ಇರಾನ್ ಒಂದು ದೊಡ್ಡ ರೊಟ್ಟಿ. ಆ ಕಡೆಯಿಂದ ಕರಡಿ, ಈ ಕಡೆಯಿಂದ ಸಿಂಹ ಹರಿದು ತಿನ್ನುತ್ತಿದ್ದವು. ಟೋಪಿ ಹಾಕಿದವನೊಬ್ಬ ತಟ್ಟೆ ಹಿಡಿದು ಅವಕ್ಕೆ ಬಡಿಸುತ್ತಿದ್ದ.

“ಕರಡಿ ರಷ್ಯಾ, ಸಿಂಹ ಇಂಗ್ಲೆಂಡು,” ಎಂದ ಜೈನಾಲ.

“ಅದು ಕುರುಡನಿಗೂ ಗೊತ್ತು ಉಸ್ತಾದ್!” ಎಂದ ಕಮ್ಮಾರ ಬೈರಾಮ್. “ತಟ್ಟೆ ಹಿಡ್ಕೊಂಡು ನಿಂತಿದಾನಲ್ಲ, ಟೋಪಿಯವ್ನು, ಅವ್ನ್ಯಾರು?”

ಜೈನಾಲನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಮೂಲೆಯಲ್ಲಿ ರೊಟ್ಟಿ ಸುಡುವ ಹಾತಮ್ ಕೂತಿದ್ದ, ಚಿತ್ರದವನಂಥದೇ ಡೊಳ್ಳುಹೊಟ್ಟೆ.

“ಇನ್ಯಾರು? ರೊಟ್ಟಿ ಅಂದ್ಮೇಲೆ ನಮ್ಮ ಹಾತಮೇ!”

ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಹಾತಮನೂ ನಕ್ಕ. ನಾನೂ ನಕ್ಕೆ.

ಚಳಿಗಾಲದಲ್ಲಿ ರಷ್ಯನ್ ಸೈನ್ಯ ಊರೊಳಗೆ ನುಗ್ಗಿ ನಮ್ಮವರನ್ನು ನೇಣಿಗೆ ಹಾಕಿತು. ಸಿಪಾಯಿಗಳು ಬಂದೂಕು ತೋರಿಸಿ ಹಾತಮನ ರೊಟ್ಟಿ ಒಯ್ದರು. ಕೊಡದೆ ಅವನೇನು ಮಾಡಿಯಾನು? ಓಣಿಗೆ ಅಷ್ಟೇ ಸಾಕಾಯಿತು.

“ಉಸ್ತಾದ್ ಆವತ್ತೇ ಹೇಳಿದ್ದ, ತಟ್ಟೆ ಹಿಡಿಯೋನು ಇವ್ನೇ ಅಂತ.”

ಅವನ ರೊಟ್ಟಿ ಕೊಳ್ಳುವವರಿಲ್ಲ, ಸಲಾಮಿಗೆ ಮರುಸಲಾಮಿಲ್ಲ. ಜೈನಾಲ ಚಿತ್ರವನ್ನು ಮತ್ತೆ ತೂಗುಹಾಕಿ ಅಂಗಲಾಚಿದ. “ತಮಾಷೆ ಮಾಡ್ದೆ ಕಣ್ರಪ್ಪಾ! ಅವ್ನು ಹಾತಮ್ ಅಲ್ಲ!”

“ಪಟದಲ್ಲಿ ಒಂದ್ಸಲ ಶಿಮ್ರ್ ಅಂದ್ಮೇಲೆ ಶಿಮ್ರೇ,” ಎಂದ ಬೈರಾಮ್.

ಇಮಾಮ್ ಹುಸೇನರ ಕತ್ತು ಕೊಯ್ದ ಶಿಮ್ರ್‌ನನ್ನು ನಿರಪರಾಧಿ ಮಾಡಲು ಯಾವ ಕಥೆಗಾರನಿಂದಾದೀತು?

ಹಾತಮ್ ಬೈಯಲೂ ಇಲ್ಲ. “ಬಿಡು ಉಸ್ತಾದ್, ಆವತ್ತು ನಾನೂ ನಕ್ಕಿದ್ನಲ್ಲ,” ಎಂದ. ವಸಂತ ಬರುವ ಮೊದಲೇ ಎದೆಯೊಡೆದು ಸತ್ತ.

ನಮ್ಮಲ್ಲಿ ಶವ ಹೊತ್ತು ಜನಾಜಾ ಹೊರಟರೆ ಎದುರಾದವರು ಏಳು ಹೆಜ್ಜೆಯಾದರೂ ಹೆಗಲು ಕೊಡಬೇಕು. ಅವತ್ತು ಯಾರೂ ಎದುರಾಗಲಿಲ್ಲ. ಹಾತಮನ ಇಬ್ಬರು ಗಂಡುಮಕ್ಕಳು, ಜೈನಾಲ, ನಾನು. ಜೈನಾಲ ಮುಚ್ಚಿದ ಬಾಗಿಲುಗಳಿಗೆ ಕೇಳುವಂತೆ ಕೂಗುತ್ತ ನಡೆದ.

“ಇವ್ನು ಹಾತಮ್! ರೊಟ್ಟಿ ಸುಡೋನು! ಬರ್ರೋ, ಏಳೇ ಹೆಜ್ಜೆ!”

ಒಂದು ಬಾಗಿಲೂ ತೆರೆಯಲಿಲ್ಲ. ಖಬರಸ್ತಾನದವರೆಗೂ ಅವನು ಕೂಗುತ್ತಲೇ ಇದ್ದ, ನಾವು ನಾಲ್ವರೇ ಹೊತ್ತೆವು.