ನೀಲವ್ವನ ಆರು ಅಂಕಿ

ನನಗೊಂದು ಕೆಟ್ಟ ಚಟವಿದೆ. ಮೊಬೈಲಿನಲ್ಲಿ 'ಒಪ್ಪಿಗೆ' ಎಂದು ಕಂಡರೆ ಸಾಕು, ಮೇಲೆ ಏನು ಬರೆದಿದೆ ಎಂದು ನೋಡುವ ಮೊದಲೇ ಹೆಬ್ಬೆರಳು ಒತ್ತಿಬಿಟ್ಟಿರುತ್ತದೆ. ಇದುವರೆಗೆ ಏನೇನಕ್ಕೆಲ್ಲ ಒಪ್ಪಿದ್ದೇನೋ, ನೆನೆದರೆ ಎದೆ ಝಲ್ಲೆನ್ನುತ್ತದೆ. ಆದರೂ ಮಹಾಂತೇಶ ನಗರದ ನಮ್ಮ ಬೆಳಗಿನ ವಾಕಿಂಗ್ ಗುಂಪಿನಲ್ಲಿ ತಂತ್ರಜ್ಞಾನ ಬಲ್ಲವನೆಂದು ನನಗೇ ಹೆಸರು. 'ಕಂಪ್ಯೂಟರ್ ಬಾರದವರನ್ನು ಚುನಾವಣೆಗೆ ನಿಲ್ಲಿಸಲೇಬಾರದು' ಎಂದು ಎಷ್ಟೋ ಸಲ ತೀರ್ಪು ಕೊಟ್ಟಿದ್ದೇನೆ.

ದೇವರು ಅದನ್ನು ಕೇಳಿಸಿಕೊಂಡನೋ ಏನೋ, ನನ್ನ ತಂಗಿ ನೀಲವ್ವ ಖಾನಾಪುರದ ಹತ್ತಿರದ ತನ್ನ ಗಂಡನ ಊರಿನಲ್ಲಿ ಪಂಚಾಯಿತಿ ಅಧ್ಯಕ್ಷೆಯಾದಳು. ಅವಳಿಗೆ ಫೋನೆಂದರೆ ಹಸಿರು ಗುಂಡಿ, ಕೆಂಪು ಗುಂಡಿ, ಅಷ್ಟೇ. ಅಂದಿನಿಂದ ಅವಳ ಕರೆ ಬಂದರೆ ನನ್ನ ಜೀವ ಹಿಡಿಯಷ್ಟಾಗುತ್ತದೆ.

ಕಳೆದ ಮಳೆಗಾಲದ ಒಂದು ಮುಂಜಾನೆ ಕರೆ ಬಂತು. "ಅಣ್ಣಾ, ಮಳ್ಯಾಗ ಮನಿ ಬಿದ್ದವ್ರ ಪಟ್ಟಿ ಪರಿಹಾರಕ್ಕ ಕಳಸಬೇಕಂತ. ನನ್ನ ಫೋನಿಗೆ ಆರು ಅಂಕಿ ಬಂದಾವ. ಆಪರೇಟರ್ ಕೇಳಾಕತ್ತಾನ. ಹೇಳ್ಲೋ ಬ್ಯಾಡೋ?"

"ಹೇಳಿಬಿಡವಾ, ಓಟಿಪಿ ಅಂದ್ರ ಬರೇ ಸಹಿ ಇದ್ದಂಗ" ಎಂದೆ, ಬಾಯಲ್ಲಿ ಬ್ರಶ್ ಇಟ್ಟುಕೊಂಡೇ. ಬಾಯಿ ಮುಕ್ಕಳಿಸುವಷ್ಟರಲ್ಲಿ ಭಯ ಹತ್ತಿತು. ಆ ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ? ಮರಳಿ ಫೋನು ಮಾಡಿದರೆ ಎತ್ತಲೊಲ್ಲಳು. ಚಹಾ ಬಿಟ್ಟು ಖಾನಾಪುರದ ಬಸ್ಸು ಹತ್ತಿದೆ. ನನ್ನ ಹೆಬ್ಬೆರಳಿನಿಂದ ಕೆಟ್ಟರೆ ನಾನೊಬ್ಬ ಕೆಡುತ್ತೇನೆ. ಅಧ್ಯಕ್ಷೆಯೂ ನನ್ನ ಹಾಗೆಯೇ ನೋಡದೆ ಒಪ್ಪಿದರೆ ಯಾರದೋ ಮನೆ ಬಿದ್ದದ್ದು ಬಿದ್ದೇ ಇರುತ್ತದೆ. ಸ್ಟ್ಯಾಂಡಿನಲ್ಲಿ ಇಳಿದು ಟಮ್‌ಟಮ್ ಆಟೋ ಹಿಡಿದು ಊರು ಮುಟ್ಟಿದೆ.

ಪಂಚಾಯಿತಿಯಲ್ಲಿ ನೀಲವ್ವ ಫೋನನ್ನು ಎಲೆಅಡಿಕೆಯ ಸಂಚಿಯಲ್ಲಿ ತುರುಕಿ, ಆ ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಆಪರೇಟರ್ ಸಂತೋಷ ನನ್ನನ್ನು ಕಂಡವನೇ ದೂರಿದ: "ನಿಮ್ಮ ತಂಗ್ಯಾರು ನಂಬರ್ ಕೊಡವಲ್ರು ನೋಡ್ರಿ. ನಾಕ ಸಲ ಬಂದು ಟೈಮ್ ಮುಗದ ಹ್ವಾತು."

"ಮೊದಲ ಪಟ್ಟಿ ಓದು ಅಂದೇನಿ. ಆಮ್ಯಾಲ ಕೊಡ್ತೀನಿ."

ನಾನೂ ಅದನ್ನೇ ಹೇಳಿದ ಮೇಲೆ ಸಂತೋಷ ಓದಿದ. ಅವಳು ಕಣ್ಣು ಮುಚ್ಚಿ, ಓಣಿ ಓಣಿ ತಿರುಗುವವಳ ಹಾಗೆ ಕೇಳಿಸಿಕೊಂಡಳು. ಮುಗಿದಾಗ ಕಣ್ಣು ತೆರೆದು, "ಇನ್ನೊಬ್ಬಾಕಿ ಪಾರ್ವತಿ ಎಲ್ಲಿ?" ಎಂದಳು.

"ಪಾರ್ವತಿ ಮಾರುತಿ ಪಾಟೀಲ ಎರಡ ಸಲ ಬಂದಿತ್ರಿ. ಡಬಲ್ ಆಗೇತಿ ಅಂತ ಒಂದ ತಗದೇನ್ರಿ."

"ಇಬ್ರೂ ಪಾರ್ವತಿನ, ಇಬ್ರ ಗಂಡಂದ್ರೂ ಮಾರುತಿನ. ಒಬ್ಬಾಕಿ ಬಾವಿ ಬಾಜು, ಒಬ್ಬಾಕಿ ಗುಡಿ ಹಿಂದ. ಗುಡಿ ಹಿಂದಿನಾಕಿ ಪ್ಲಾಸ್ಟಿಕ್ ತಾಡಪತ್ರಿ ಕೆಳಗ ಕುಂತಾಳ. ಹಾಕು ಆಕಿ ಹೆಸರ."

ಸಂತೋಷ ಪಾಪ, ಬೇರೆ ಊರಿನವನು. ಮುಖ ಸಣ್ಣದು ಮಾಡಿಕೊಂಡು ಹಾಕಿದ. ಐದನೆಯ ಸಲ ಬಂದ ಆರು ಅಂಕಿಗಳನ್ನು ನೀಲವ್ವ ಒಂದೊಂದಾಗಿ ತಾನೇ ಓದಿ ಹೇಳಿದಳು.

ನನಗೆ ನಾಚಿಕೆಯಾಯಿತು. ನನ್ನ ಮಾತು ಕೇಳಿದ್ದರೆ ಆ ಪಾರ್ವತಿ ತಾಡಪತ್ರಿಯ ಕೆಳಗೇ ಉಳಿಯುತ್ತಿದ್ದಳು. "ಹೇಳಿಬಿಡು ಅಂದಿದ್ನಲ್ಲ, ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ನನಗ ಅಂಜಿಕಿ ಬಂತಣ್ಣ. ನಿನಗ ಬರಲಿಲ್ಲೇನು?"

ಹಾಗೆಂದು ನಾಯಕರಿಗೆ ತಂತ್ರಜ್ಞಾನ ಬೇಡವೆನ್ನಲು ನನಗೆ ಧೈರ್ಯವಿಲ್ಲ. ನಾಳೆ ಓದುವವನೇ ಒಂದು ಹೆಸರು ನುಂಗಿ ಓದಿದರೆ? ಈ ಚಿಂತೆ ಅವಳಿಗೂ ಇದೆ. ಪರದೆ ನೋಡಿ ತಾನೇ ಓದುವುದನ್ನು ಕಲಿಸು ಎಂದು ಪ್ರತಿ ಭಾನುವಾರ ನನ್ನನ್ನು ಕರೆಸಿಕೊಳ್ಳುತ್ತಿದ್ದಾಳೆ. ಅವಳಿಗೆ ಕಲಿಸುತ್ತ ಕಲಿಸುತ್ತ ಎಲ್ಲಿ ನನ್ನ ಹೆಬ್ಬೆರಳಿನ ಚಟವನ್ನೂ ಅಂಟಿಸಿಬಿಡುತ್ತೇನೋ ಎಂಬುದು ಈಗ ನನ್ನ ಹೊಸ ಭಯ.

ಅಂದು ಮರಳುವ ಬಸ್ಸಿನಲ್ಲಿ ಫೋನು ಯಾವುದಕ್ಕೋ ಒಪ್ಪಿಗೆ ಕೇಳಿತು. ಹೆಬ್ಬೆರಳನ್ನು ಮಡಚಿಕೊಂಡು ಓದತೊಡಗಿದೆ. ಬಸ್ಸು ನಮ್ಮ ಊರಂಚಿನ ಪೀರನವಾಡಿ ದಾಟಿದರೂ ಅರ್ಧ ಮುಗಿದಿರಲಿಲ್ಲ, ಓದಿದ್ದೂ ಪೂರ್ತಿ ತಿಳಿಯಲಿಲ್ಲ. ಒಪ್ಪದೆ ಜೇಬಿಗಿಟ್ಟು ಮನೆಗೆ ಬಂದೆ. ಬಂದವನೇ ನೀಲವ್ವನಿಗೆ ಫೋನು ಮಾಡಿ ಹೇಳಿದೆ: "ನನಗೂ ಬಂತವಾ, ಅಂಜಿಕಿ."